ನಾನು ಉಜ್ಜಿದ ವಿಮಾನ

ಪುಟ್ಟಿ ಮಾರುವವನಿಗೆ ಪುಟ್ಟಿ ಹಚ್ಚಲು ಯಾರೂ ಕಲಿಸಬೇಕಾಗಿಲ್ಲ! ಮಂಗಳೂರಿನ ಬಂದರಿನಲ್ಲಿ ನನ್ನದು ಪೈಂಟು, ಮರದ ಬಿರುಕು ತುಂಬುವ ಪುಟ್ಟಿ, ಪಾಲಿಷ್ ಪೇಪರುಗಳ ಅಂಗಡಿ. ಅರ್ಧ ಊರಿನ ಬಾಗಿಲುಗಳು ನುಣುಪಾದದ್ದು ನನ್ನ ಪಾಲಿಷ್ ಪೇಪರಿನಿಂದಲೇ ಎಂದು ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಹಾಗಾಗಿ ಹೆಂಡತಿ ಮುಮ್ತಾಝಳ ತಮ್ಮ ಅಬ್ದುಲ್ ರಹ್ಮಾನ್ ದುಬೈಯಿಂದ ಕಳಿಸಿದ ಪೆಟ್ಟಿಗೆ ತೆರೆದ ಕೂಡಲೇ, "ಇದನ್ನು ಜೋಡಿಸುವವನು ನಾನೇ!" ಎಂದು ಘೋಷಿಸಿಬಿಟ್ಟೆ.

ಎಂಬತ್ತರ ದಶಕದ ಆರಂಭ. ಗಲ್ಫಿನ ಪೆಟ್ಟಿಗೆ ತೆರೆದರೆ ಸಾಬೂನು, ಅತ್ತರು, ಹೊಸ ಪ್ಲಾಸ್ಟಿಕ್ಕು ಎಲ್ಲ ಸೇರಿದ ಒಂದು ಪರಿಮಳ ಮನೆ ತುಂಬುತ್ತಿತ್ತು. ಆ ಪರಿಮಳ ನನಗೆ ಈಗಲೂ ಬೇಕು, ಸಿಗುವುದಿಲ್ಲ. ಆ ಸಲ ಪೆಟ್ಟಿಗೆಯಲ್ಲಿದ್ದದ್ದು ಬಿಡಿಭಾಗಗಳ ಒಂದು ಪ್ಲಾಸ್ಟಿಕ್ ವಿಮಾನ ಮತ್ತು ಒಂದು ಕ್ಯಾಸೆಟ್. ಓದಲು ಬಾರದ ತಾಯಿ ಅಲೀಮಮ್ಮನಿಗೆ ಅವನು ಕ್ಯಾಸೆಟ್ಟಿನಲ್ಲೇ ಮಾತಾಡಿ ಕಳಿಸುತ್ತಿದ್ದ.

"ಉಮ್ಮಾ, ಬಜ್ಪೆಯಿಂದ ನಾನು ಹಾರಿದ್ದು ಇಂಥದ್ದೇ ವಿಮಾನದಲ್ಲಿ. ರೆಕ್ಕೆಯ ಹಿಂದಿನ ಮೊದಲನೇ ಕಿಟಕಿ ನನ್ನದು. ಭಾವನ ಹತ್ರ ಜೋಡಿಸ್ಲಿಕ್ಕೆ ಹೇಳಿ, ನೋಡಿ."

ಮಗ ಹೊರಟ ದಿನ ಅಲೀಮಮ್ಮ ಬಜ್ಪೆ ವಿಮಾನ ನಿಲ್ದಾಣದ ಬೇಲಿ ಹಿಡಿದು ಅತ್ತದ್ದೇ ಅತ್ತದ್ದು. ಕಣ್ಣೀರಿನಲ್ಲಿ ವಿಮಾನ ಕಾಣಲೇ ಇಲ್ಲವಂತೆ. ನಾವು ಉಳ್ಳಾಲಕ್ಕೆ ಮುಟ್ಟಿಸಿದ ಕ್ಯಾಸೆಟ್ ಕೇಳಿದ್ದೇ, ಶುಕ್ರವಾರ ಬರುತ್ತೇನೆ, ಮಗನ ಕಿಟಕಿ ನೋಡಬೇಕು ಎಂದು ಹೇಳಿ ಕಳಿಸಿದರು.

ವಿಮಾನದ ಹೊಟ್ಟೆ ಎರಡು ಹೋಳು. ಅಂಟಿಸಿದರೆ ಉದ್ದಕ್ಕೂ ಒಂದು ಬಿರುಕು ಉಳಿಯಿತು. ಪುಟ್ಟಿ ತುಂಬಿದೆ, ಒಣಗಿದ ಮೇಲೆ ಉಜ್ಜಿದೆ. ಪುಟ್ಟಿ ಕುಗ್ಗಿ ಬಿರುಕು ಮತ್ತೆ ಹಲ್ಲು ಕಿಸಿಯಿತು! ಮತ್ತೆ ತುಂಬಿದೆ, ಮತ್ತೆ ಉಜ್ಜಿದೆ. ಬೆನ್ನು ಸರಿಹೋದಾಗ ಮೂತಿ ಸೊಟ್ಟ. ಮೂತಿ ಸರಿ ಮಾಡುವಷ್ಟರಲ್ಲಿ ಬಾಲ ಸವೆದಿತ್ತು.

"ಇಷ್ಟು ಉಜ್ಜುವ ಶಕ್ತಿ ಉಂಟಾದ್ರೆ ತಳ ಹಿಡಿದ ಬಿರಿಯಾನಿ ಪಾತ್ರೆ ಉಂಟು, ತರ್ಲಾ?" ಎಂದಳು ಮುಮ್ತಾಝ್.

"ಇದು ಕಲೆ ಮಾರಾಯ್ತಿ! ಬೆರಳಾಡಿಸಿದ್ರೆ ಎಲ್ಲಿಯೂ ತಡೀಬಾರ್ದು."

"ನಿಮ್ಮ ಕಲೆಯ ಧೂಳು ರೊಟ್ಟಿ ಹಿಟ್ಟಿಗೆ ಬೀಳ್ತಾ ಉಂಟು. ಅದನ್ನು ಯಾರು ತಡೀಬೇಕು?"

ಕೊನೆಗೆ ರೋಸಿಹೋಗಿ, ಹಳೆ ಬಾಗಿಲಿಗೆ ಮಾಡುವುದನ್ನೇ ಮಾಡಿದೆ. ಇಡೀ ಮೈಗೆ ಪುಟ್ಟಿ ಬಳಿದು, ತೂತು ಬಿರುಕು ಒಂದನ್ನೂ ಬಿಡದೆ ಮುಚ್ಚಿ, ಉಜ್ಜಿ ಉಜ್ಜಿ ಕೋಳಿಮೊಟ್ಟೆಯಷ್ಟು ನುಣುಪು ಮಾಡಿ ಬಿಳಿ ಪೈಂಟ್ ಹೊಡೆದೆ. ಆಹಾ! ಜೋಡಿಸಿದ ಗುರುತೇ ಇಲ್ಲ! ವಿಮಾನ ತಯಾರಿಸುವವರೇ ಬಂದು ನನ್ನ ಕೈ ಕುಲುಕಬೇಕು ಅನ್ನಿಸಿತು.

ಶುಕ್ರವಾರ ಗೇಟು ಕಿರ್ರೆಂದಿತು. ತಾಯಿಗೆ ತೋರಿಸಲೆಂದು ಮುಮ್ತಾಝ್ ವಿಮಾನವನ್ನು ಎತ್ತಿಕೊಂಡಳು. ಆಚೆ ತಿರುಗಿಸಿದಳು, ಈಚೆ ತಿರುಗಿಸಿದಳು.

"ಕಿಟಕಿ ಎಲ್ಲಿ?"

"ಎಂತ ಕಿಟಕಿ?"

ಕೇಳಿಯಾದ ಮೇಲೆ ನನಗೆ ಹೊಳೆಯಿತು. ಸಾಲಾಗಿದ್ದ ಸಣ್ಣ ತೂತುಗಳನ್ನೆಲ್ಲ ಕೈಯಾರೆ ಮುಚ್ಚಿದ್ದೆ!

ಅಲೀಮಮ್ಮ ವಿಮಾನವನ್ನು ಮಡಿಲಲ್ಲಿಟ್ಟು ರೆಕ್ಕೆಯ ಹಿಂದೆ ಬೆರಳಾಡಿಸಿದರು. ಬೆರಳು ಎಲ್ಲಿಯೂ ತಡೆಯಲಿಲ್ಲ.

"ಪುದಿಯಾಪ್ಳೆ, ಮಗ ಕೂತದ್ದು ಎಲ್ಲಿ?" ಮದುವೆಯಾಗಿ ಎಷ್ಟು ವರ್ಷ ಕಳೆದರೂ ನಮ್ಮವರಲ್ಲಿ ಅಳಿಯ ಹೊಸ ಮದುಮಗನೇ, ಪುದಿಯಾಪ್ಳೆಯೇ.

"ಅದು ಮಾಮಿ... ಮೇಲೆ ಹೋಗುವಾಗ ಕಿಟಕಿ ಮುಚ್ತಾರೆ. ಗಾಳಿ ಜೋರಲ್ವಾ!"

ಅವರ ಮುಖ ಬಾಡಿತು. "ಹಾಗಾದ್ರೆ ನಾನು ಬೇಲಿ ಹತ್ರ ನಿಂತದ್ದು ಅವನಿಗೆ ಕಾಣ್ಲೇ ಇಲ್ವಾ?"

ನಾನು ಅವರ ಮುಂದೆ ಕೂತೆ. "ಕಂಡಿದೆ ಮಾಮಿ, ಖಂಡಿತ ಕಂಡಿದೆ. ಕಿಟಕಿ ಮುಚ್ಚಿದ್ದು ನಾನು. ಪುಟ್ಟಿ ಹಾಕಿ."

ಅವರು ನನ್ನನ್ನೊಮ್ಮೆ, ವಿಮಾನವನ್ನೊಮ್ಮೆ ನೋಡಿದರು. "ಮುಮ್ತಾಝ್, ನಿನ್ನ ಸುರ್ಮಾ ಕಡ್ಡಿ ತಾ" ಎಂದರು. ಆ ಕಾಡಿಗೆಯಿಂದ ರೆಕ್ಕೆಯ ಹಿಂದೆ ಒಂದು ಕಪ್ಪು ಚುಕ್ಕೆ ಇಟ್ಟು, ಅದನ್ನೇ ನೋಡುತ್ತಾ ಕೂತರು.

ನಾನು ಅವಸರದಿಂದ ಕೈ ಚಾಚಿದೆ. "ಕೊಡಿ ಮಾಮಿ, ಉಳಿದ ಕಿಟಕಿಗಳನ್ನು ನಾನು ಬರೀತೇನೆ!"

ಅಲೀಮಮ್ಮ ವಿಮಾನವನ್ನು ಎದೆಗವಚಿಕೊಂಡರು.

"ಬೇಡ ಪುದಿಯಾಪ್ಳೆ. ಉಳಿದವರದ್ದು ಅವರವರ ಉಮ್ಮಂದಿರು ಬರ್ಕೊಳ್ತಾರೆ. ನೀವು ಅಂಗಡಿಗೆ ಹೋಗಿ!"