ಮಾವನ ಕಾಫಿ, ಅತ್ತೆಯ ಕಲ್ಲು

ಬಂಡಳ್ಳಿಯಲ್ಲಿ ಯಾರ ಮನೆಯ ಹಾಲು ಯಾವ ಹೊತ್ತಿಗೆ ಉಕ್ಕುತ್ತದೆಂಬುದು ನಮ್ಮ ಸೋದರಮಾವನಿಗೆ ಗೊತ್ತಿರುವಷ್ಟು ಊರ ಬೆಕ್ಕುಗಳಿಗೂ ಗೊತ್ತಿಲ್ಲ! ಎರವಲು ತಂದ ಕುಡುಗೋಲು ಹಿಂದಿರುಗಿಸಲು ಅವನು ಹೊರಡುತ್ತಿದ್ದುದು ಕಾಫಿಯ ಹೊತ್ತಿಗೇ. ಕಾಫಿ ಕುಡಿದು, ಕುಡುಗೋಲನ್ನು ಮರೆತಂತೆ ವಾಪಸ್ ತರುತ್ತಿದ್ದುದೂ ಬೇಕೆಂದೇ. ನಾಳೆ ಮತ್ತೆ ಹೋಗಬೇಡವೇ? ಮನೆಯಲ್ಲಿ ಅವನಿಗೊಂದು ಚೊಂಬಿನಂಥ ಹಿತ್ತಾಳೆ ಲೋಟ. ಅದರ ತಳದಲ್ಲಿ ಅವನು ಮಿಗಿಸಿದ ಎರಡು ಗುಟುಕು ಅತ್ತೆಯ ಪಾಲು. ಅದನ್ನವನು ಮಹಾದಾನವೆಂದೇ ತಿಳಿದಿದ್ದ!

ಒಂದು ಬೆಳಿಗ್ಗೆ ಅತ್ತೆ ಸೊಂಟ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿದಳು. ಕೊಳ್ಳೇಗಾಲಕ್ಕೆ ಕರೆದೊಯ್ದು ಸ್ಕ್ಯಾನಿಂಗ್ ಮಾಡಿಸಿದೆವು. ಕಿಡ್ನಿಯಲ್ಲಿ ಕಲ್ಲು! ನೀರು ಚೆನ್ನಾಗಿ ಕುಡಿದರೆ ಹೋದೀತು, ಹೋಗದಿದ್ದರೆ ಆಪರೇಷನ್ ಎಂದರು ಡಾಕ್ಟರು. ಕಾರಣವನ್ನು ಮಾತ್ರ ಮಾವನೇ ಕಂಡುಹಿಡಿದ. ಲೋಟದ ತಳದ ಕಾಫಿ ಗಸಿ ಅವಳ ಒಳಗೆ ಕೂತು ಗಟ್ಟಿಯಾಗಿದೆಯಂತೆ!

ಅಷ್ಟು ನೋವಿನಲ್ಲೂ ಅತ್ತೆ ಬಿಡಲಿಲ್ಲ. “ಎಲ್ಡ್ ಗುಟ್ಕು ಕುಡ್ದೋಳ್ಗೆ ಒಂದ್ ಕಲ್ಲಾದ್ರೆ, ಲೋಟ್‌ಗಟ್ಲೆ ಕುಡ್ದೋನ್ ಒಟ್ಟೇಲಿ ಕ್ವಾರಿನೇ ಇರ್ಬೇಕು.”

ಮಾವ ನಗಲಿಲ್ಲ. ಬೆಟ್ಟದ ದಿಕ್ಕಿಗೆ ತಿರುಗಿ, ಇವಳ ಕಲ್ಲು ಹೋದರೆ ಕಾಫಿಯನ್ನೇ ಬಿಡುತ್ತೇನೆಂದು ಮಾದಪ್ಪನಿಗೆ ಹರಕೆ ಹೊತ್ತ.

ಕಲ್ಲು ಹೋಯಿತು. ಕಾಫಿಯೂ ಹೋಯಿತು. ಊರಿನ ಕುಡುಗೋಲುಗಳೆಲ್ಲ ಅವರವರ ಮನೆ ಸೇರಿದವು!

ಮತ್ತೆ ತೋರಿಸಲು ಹೋದಾಗ ಮಾವ ತನ್ನ ಗಸಿಯ ಸಂಶೋಧನೆಯನ್ನು ಡಾಕ್ಟರಿಗೆ ವಿವರಿಸಿದ. ಅವರು ನಕ್ಕುಬಿಟ್ಟರು. ಕಾಫಿಯಿಂದ ಕಲ್ಲಾಗುವುದಿಲ್ಲವಂತೆ, ಕುಡಿಯುವವರಲ್ಲಿ ಒಂಚೂರು ಕಡಿಮೆಯೇ ಕಾಣುತ್ತದಂತೆ. ಹಾಗಂತ ಅದು ನೀರಿಗೆ ಬದಲಲ್ಲವಂತೆ. ಮಾವನ ಮುಖ ನೋಡಬೇಕಿತ್ತು! ಹರಕೆ ವಾಪಸ್ ಪಡೆಯುವ ಕೌಂಟರನ್ನು ಮಾದಪ್ಪ ಎಲ್ಲಿಟ್ಟಿದ್ದಾನೆ ಹೇಳಿ?

ಡಾಕ್ಟರು ಅತ್ತೆಯ ಕಡೆ ತಿರುಗಿ, ಕಲ್ಲಾಗಿದ್ದು ನೀರು ಸಾಲದೆ, ಯಾಕಮ್ಮ ಕುಡಿಯುವುದಿಲ್ಲ ಎಂದರು. ಅತ್ತೆ ಸೆರಗು ತಿರುವಿದಳು.

“ದಿನಾ ಒಲದಲ್ಲೇ ಇರ್ತೀನಿ ಸಾ. ಕುಡುದ್ರೆ ಎಲ್ಗ್ ಓಗ್ಲಿ? ಸುತ್ತ ಗಂಡಸ್ರು ಇರ್ತಾರೆ.”

ಬಸ್ ಸ್ಟ್ಯಾಂಡಿನ ಹೋಟೆಲಿನಿಂದ ಕಾಫಿಯ ಘಮ ಬಂದರೂ ಮಾವ ತಲೆ ಎತ್ತಲಿಲ್ಲ.

ಮರುವಾರ ಹೊಲಕ್ಕೆ ಹೋದರೆ, ಕಡ್ಡಿ ಎತ್ತಿಡದ ನಮ್ಮ ಮಾವ ತೆಂಗಿನ ಗರಿ ಹೆಣೆಯುತ್ತಿದ್ದಾನೆ! ಬದುವಿನ ಮೂಲೆಯಲ್ಲಿ ಆಳೆತ್ತರದ ಮರೆ ಎದ್ದಿತ್ತು. ಅದಕ್ಕೊಂದು ಬಾಗಿಲು, ಒಳಗೊಂದು ಬಕೆಟ್ಟು. ಏನು ಮಾವ ಇದು ಎಂದೆ.

“ಕಾಫಿ ಬುಟ್ ಮ್ಯಾಕೆ ಒತ್ತೇ ಓಯ್ತಿಲ್ಲ ಕಣ್ಲಾ.”

ಆಮೇಲೆ ಬೇವಿನ ಮರದಡಿಯ ಮಡಕೆಯಿಂದ ಅದೇ ಹಿತ್ತಾಳೆ ಲೋಟದ ತುಂಬ ನೀರು ಮೊಗೆದು ಅತ್ತೆಗೆ ಕೊಟ್ಟ. ಅವಳು ಅರ್ಧ ಕುಡಿದು ಲೋಟವನ್ನು ಅವನತ್ತ ಚಾಚಿದಳು.

“ಪೂರಾ ಕುಡಿ,” ಎಂದ ಮಾವ. “ನಂಗ್ ಮಿಗಿಸ್ಬ್ಯಾಡ.”