ಹಿರಿಯರನ್ನು ಕರೆಸಿ

ಮೇಲಿನ ಕೋಣೆಯ ಬಾಡಿಗೆ ಮೂರು ತಿಂಗಳಿಂದ ಬಂದಿರಲಿಲ್ಲ. ಬೈಂಡರನಿಗೆ ಅದೇನೂ ದೊಡ್ಡ ಸಂಕಟವಾಗಿರಲಿಲ್ಲ. ಸಂಕಟ ಶುರುವಾದದ್ದು ಅಂದು ಬೆಳಿಗ್ಗೆ, ಹೆಂಡತಿ ಲೋಟ ಕುಕ್ಕಿ ಆಡಿದ ಮಾತಿನಿಂದ.

"ಇವತ್ತು ಸಂಜೆಯೊಳಗೆ ದುಡ್ಡು ಬರ್ಬೇಕು. ಇಲ್ದಿದ್ರೆ ಕೋಣೆ ಖಾಲಿ ಮಾಡ್ಸಿ. ನಮ್ಮಣ್ಣ ಬಂದು ಇರ್ತಾನಂತೆ."

ಬೈಂಡರ ಮನೆಯ ಮುಂಭಾಗದ ಅಂಗಡಿಯಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಿನವನು. ಹರಿದದ್ದನ್ನು, ಕಿತ್ತುಹೋದದ್ದನ್ನು ಕಂಡು ಹೆದರುವವನಲ್ಲ. ಆದರೆ ಹೆಂಡತಿಯ ಅಣ್ಣ ಎಂದರೆ ಅವನ ಎದೆ ನೆನೆದ ರಟ್ಟಿನ ಹಾಗೆ ಮೆತ್ತಗಾಗುತ್ತಿತ್ತು. ಆ ಮಹಾನುಭಾವರು ನಿವೃತ್ತ ಡ್ರಿಲ್ ಮಾಸ್ತರು. ಶಾಲೆ ಬಿಟ್ಟಿದ್ದರು, ಸೀಟಿ ಬಿಟ್ಟಿರಲಿಲ್ಲ. ಕಳೆದ ಸಲ ಎರಡು ದಿನಕ್ಕೆಂದು ಬಂದು ನಾಲ್ಕು ತಿಂಗಳು ಇದ್ದರು. ದಿನಾ ಬೆಳಿಗ್ಗೆ ಐದಕ್ಕೆ ಸೀಟಿ ಊದಿ ಬೈಂಡರನನ್ನು ಎಬ್ಬಿಸಿ, ಮುನ್ನೂರು ಸಲ ಕೈ ಮೇಲೆತ್ತಿಸಿ ಇಳಿಸಿದ್ದರು. ಅವರು ಹೋದ ಮೇಲೂ ವಾರಗಟ್ಟಲೆ ಅವನಿಗೆ ಸೂಜಿಗೆ ದಾರ ಪೋಣಿಸಲು ಆಗಿರಲಿಲ್ಲ.

ಹಾಗಾಗಿ ಬಾಡಿಗೆ ಬರಲೇಬೇಕಿತ್ತು.

ಬಾಡಿಗೆಯವನು ಲಿಫ್ಟ್ ರಿಪೇರಿಯ ಹುಡುಗ. ವಯಸ್ಸು ಇಪ್ಪತ್ತನಾಲ್ಕು, ಸ್ವಭಾವ ಸಾಧು. ಕೇಳಿದಾಗಲೆಲ್ಲ, "ಕಂಪನಿಯವರು ಸಂಬಳ ಕೊಟ್ಟಿಲ್ಲ ಸಾರ್, ಮೇಲಿಂದ ಹೊರಟಿದೆಯಂತೆ, ನಡುವೆ ಎಲ್ಲೋ ಸಿಕ್ಕಾಕೊಂಡಿದೆ. ಬಂದ ತಕ್ಷಣ ಮೊದಲು ನಿಮಗೇ," ಎನ್ನುತ್ತಿದ್ದ. ಕೇಳಲು ಹೋದ ಬೈಂಡರನೇ ಅವನಿಗೆ ಸಮಾಧಾನ ಹೇಳಿ ಇಳಿದು ಬರುತ್ತಿದ್ದ. ಇಂದು ಅವನು ಕೆಲಸಕ್ಕೆ ಬೇಗನೆ ಹೋಗಿಬಿಟ್ಟಿದ್ದ.

"ಅವರಪ್ಪನಿಗೆ ಫೋನ್ ಹಾಕಿ," ಎಂದ ಪಕ್ಕದ ಅಂಗಡಿಯ ದರ್ಜಿ, ತುಟಿಯಲ್ಲಿದ್ದ ಗುಂಡುಸೂಜಿ ತೆಗೆಯದೆ. "ಈಗಿನ ಹುಡುಗ್ರು ಯಾರಿಗೂ ಹೆದರಲ್ಲ. ಅಪ್ಪನಿಗೆ ಮಾತ್ರ ಹೆದರ್ತಾರೆ."

ಎದುರು ಮನೆಯ ಕಿಟಕಿ ತೆರೆಯಿತು. ನಿವೃತ್ತ ಹೆಡ್ ಮೇಡಂ ಅಲ್ಲಿಂದಲೇ ತರಗತಿ ತೆಗೆದುಕೊಂಡರು. "ಹುಡುಗ ಅಲ್ರೀ ಅವನು, ಓಟು ಹಾಕೋ ಗಂಡಸು. ಕರಾರಿಗೆ ಸಹಿ ಹಾಕಿರೋನು ಅವನು. ಅಪ್ಪನ್ನ ಯಾಕೆ ಎಳೀತೀರಿ?"

"ಓಟು ಹಾಕೋಕೆ ಏನು ಖರ್ಚು ಮೇಡಂ? ಅಪ್ಪ ಬೇಡ ಅಂದ್ರೆ ಕರಾರಲ್ಲಿ ಅಪ್ಪನ ನಂಬರ್ ಯಾಕೆ ಬರೆಸ್ಕೋಬೇಕಿತ್ತು?"

"ಎದೆ ನೋವು ಗಿದೆ ನೋವು ಬಂದ್ರೆ ತಿಳ್ಸೋಕೆ!"

"ಬಂದ್ರೆ ಇವರಿಗೆ ತಾನೇ ಬರೋದು?" ದರ್ಜಿ ಕತ್ತರಿಯಿಂದ ಬೈಂಡರನನ್ನು ತೋರಿಸಿದ.

ವಾದ ಹನ್ನೊಂದರವರೆಗೂ ನಡೆಯಿತು. ಕೊನೆಗೆ ಬೈಂಡರ ಗೋಂದು ಹತ್ತಿದ ಬೆರಳಲ್ಲೇ ನಂಬರ್ ಒತ್ತಿದ. ಅತ್ತ ಕಡೆ ಎತ್ತಿದ್ದು ಹುಡುಗನ ತಾಯಿ.

"ಅಮ್ಮಾ, ನಾನು ನಿಮ್ಮ ಮಗ ಇರೋ ಮನೆಯ ಓನರ್ರು..."

"ಅಯ್ಯೋ! ಯಾವ ಆಸ್ಪತ್ರೆ?"

"ಆಸ್ಪತ್ರೆ ಇಲ್ಲಮ್ಮ, ಚೆನ್ನಾಗಿದಾನೆ. ಬಾಡಿಗೆ ಮೂರು ತಿಂಗಳಿಂದ..."

"ಬಾಡಿಗೇನೇ ಕೊಟ್ಟಿಲ್ಲ ಅಂದ್ಮೇಲೆ ಊಟಾನೂ ಮಾಡ್ತಿಲ್ಲ ಅಂತಾಯ್ತು! ನೀವು ನೋಡ್ಕೊಂಡು ಕೂತಿದೀರಾ? ಸಣ್ಣ ಆಗಿದಾನಾ?"

ಬೈಂಡರ ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಯೋಚಿಸಿ, "ಸ್ವಲ್ಪ," ಎಂದ.

"ಇವರನ್ನ ಈಗಲೇ ಬಸ್ಸು ಹತ್ತಿಸ್ತೀನಿ!"

ಕಿವಿಗೆ ಅಂಟಿದ್ದ ಫೋನನ್ನು ಕಿತ್ತಾಗ ನಾಲ್ಕು ಕೂದಲೂ ಜೊತೆಯಲ್ಲಿ ಬಂದವು.

ಮೂರು ಗಂಟೆಗೆ ತಂದೆ ಇಳಿದರು. ಬಸ್ಸಿನ ಸೀಟಿನಂತೆಯೇ ಅಗಲವಾದ ಮನುಷ್ಯರು. ನೇರ ಮೇಲಿನ ಕೋಣೆಗೆ ಹತ್ತಿ, ಇಳಿದು ಬಂದು ಅಂಗಡಿಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕುಳಿತರು.

"ನಲ್ಲಿ ತೊಟ್ಟಿಕ್ತಿದೆ. ಕಿಟಕಿಗೆ ಚಿಲಕ ಇಲ್ಲ. ಹೋಗ್ಲಿ ಬಿಡಿ. ಮೂರು ತಿಂಗಳು ಯಾಕ್ರೀ ಸುಮ್ಮನಿದ್ರಿ? ಮೊದಲನೇ ತಿಂಗಳೇ ಗದರಿಸಿದ್ರೆ ನನ್ನ ಮಗ ಹೀಗಾಗ್ತಿದ್ನಾ? ಅವನನ್ನ ಕೆಡಿಸಿದೋರು ನೀವು!"

"ನಾನೂ ಅದನ್ನೇ ಹೇಳ್ದೆ," ಎಂದ ದರ್ಜಿ, ಬೇಲಿ ದಾಟಿದ ಹಸುವಿನಷ್ಟು ಸಲೀಸಾಗಿ. ಎದುರಿನ ಕಿಟಕಿ ಮೆಲ್ಲನೆ ಮುಚ್ಚಿಕೊಂಡಿತು.

ಬೈಂಡರ ಕ್ಷಮೆ ಕೇಳಿದ. ಯಾತಕ್ಕೆಂದು ಅವನಿಗೂ ಗೊತ್ತಿರಲಿಲ್ಲ.

ಐದಕ್ಕೆ ಹುಡುಗ ಓಡಿಬಂದ. ಮೈಯೆಲ್ಲ ಗ್ರೀಸು, ಮುಖವೆಲ್ಲ ನಗು, ಕೈಯಲ್ಲೊಂದು ದಪ್ಪ ಲಕೋಟೆ. "ಸಾರ್! ಸಂಬಳ ಬಂತು! ತಗೊಳ್ಳಿ, ಮೂರು ತಿಂಗಳದ್ದೂ ಇದೆ!"

ಬೈಂಡರನ ಕಣ್ಣಲ್ಲಿ ನೀರು ತುಂಬಿತು. ಅವನು ಕೈ ಚಾಚಿದ. ಹುಡುಗನೂ ಚಾಚಿದ. ಇಬ್ಬರ ಕೈಗಳ ನಡುವೆ ಮೂರನೆಯದೊಂದು ಕೈ, ಅಗಲವಾದ ಕೈ, ಇಳಿದು ಬಂದು ಲಕೋಟೆಯನ್ನು ಎತ್ತಿಕೊಂಡಿತು.

"ಅಪ್ಪಾ! ನೀವು ಯಾವಾಗ ಬಂದ್ರಿ?"

"ನಿನ್ನ ಓನರ್ ಕರೆಸಿದ್ರು, ಬಂದೆ. ಹಿರಿಯರು ಇರುವಾಗ ದುಡ್ಡಿಗೆ ಕೈ ಹಾಕೋಕೆ ನೀನ್ಯಾರೋ? ಈ ವಿಷಯ ಇನ್ನು ದೊಡ್ಡೋರಿಗೆ ಬಿಡು." ತಂದೆ ಲಕೋಟೆಯನ್ನು ಒಳಜೇಬಿಗಿಳಿಸಿ ಬೈಂಡರನತ್ತ ತಿರುಗಿದರು. "ಅಂದ ಹಾಗೆ, ನಿಮಗೆ ಎಷ್ಟು ವಯಸ್ಸು?"

"ಮೂವತ್ತೊಂಬತ್ತು."

"ಅಷ್ಟೇನಾ! ನೀನೂ ಹುಡುಗನೇ ಬಿಡು." ಬಹುವಚನ ಆ ಕ್ಷಣದಿಂದ ಮಾಯವಾಯಿತು. "ಹುಡುಗ್ರು ಹುಡುಗ್ರು ವ್ಯವಹಾರ ಮಾಡ್ಕೊಂಡಿದ್ದಕ್ಕೇ ಇಷ್ಟೆಲ್ಲ ಆಗಿರೋದು. ಅವನ ಕಡೆಯಿಂದ ನಾನು ಬಂದಿದೀನಿ. ನಿನ್ನ ಕಡೆ ಹಿರಿಯರನ್ನ ಕರೆಸು. ಅಪ್ಪ ಇದಾರಾ?"

"ಇಲ್ಲ, ಹೋಗಿ ಹನ್ನೆರಡು ವರ್ಷ ಆಯ್ತು. ಆದ್ರೆ ಈ ಮನೆ ನಂದೇ, ದುಡ್ಡೂ..."

"ಮನೆ ಯಾರದಾದ್ರೂ ಮಾತಿಗೆ ಹಿರಿಯರು ಬೇಕಪ್ಪ. ನನ್ನ ಸಮಕ್ಕೆ ಕೂತು ಮಾತಾಡೋರು ಯಾರೂ ಇಲ್ವಾ?"

"ಯಾರೂ ಇಲ್ಲ!" ಬೈಂಡರ ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಸುಳ್ಳು ಹೇಳಿದ.

ಆದರೆ ಒಳಬಾಗಿಲಲ್ಲಿ ಹೆಂಡತಿ ಕಾಣಿಸಿಕೊಂಡಳು. "ಇಲ್ದೆ ಏನು? ನಮ್ಮಣ್ಣ ಇದಾನಲ್ಲ!"

ಡ್ರಿಲ್ ಮಾಸ್ತರು ಅರ್ಧ ಗಂಟೆಯಲ್ಲಿ ಬಂದರು, ಹಾಸಿಗೆ ಸುರುಳಿಯ ಸಮೇತ. ಹಿರಿಯರಿಬ್ಬರೂ ಮೇಲಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಮೊದಲು ಗಂಭೀರವಾದ ಮಾತು ಕೇಳಿಸಿತು, ಆಮೇಲೆ ನಗು, ಆಮೇಲೆ ಪರಸ್ಪರ ಬೆನ್ನು ತಟ್ಟಿಕೊಳ್ಳುವ ಸದ್ದು. ಕತ್ತಲಾಗುವ ಮುಂಚೆ ಮಾಸ್ತರು ಮೆಟ್ಟಿಲ ಮೇಲೆ ನಿಂತು ತೀರ್ಮಾನ ಸಾರಿದರು.

"ನಿಮ್ಮಿಬ್ಬರಿಗೂ ದುಡ್ಡಿನ ವಿಷಯದಲ್ಲಿ ಬುದ್ಧಿ ಇಲ್ಲ ಅನ್ನೋದರಲ್ಲಿ ನಮ್ಮಿಬ್ಬರಿಗೂ ಒಮ್ಮತ ಇದೆ. ಹುಡುಗನ ಸಂಬಳ ಇನ್ನು ಅವನಪ್ಪ ಇವರ ಹತ್ರ ಇರುತ್ತೆ. ಬಾಡಿಗೆ ಇವರು ನನಗೆ ಕೊಡ್ತಾರೆ, ಅದನ್ನೂ ನಿನ್ನ ಅಂಗಡಿ ದುಡ್ಡನ್ನೂ ನಿನ್ನ ಪರವಾಗಿ ನಾನು ಇಟ್ಕೋತೀನಿ. ಬೇಕಾದಾಗ ಕಾರಣ ಹೇಳಿ ಕೇಳು. ನೋಡ್ಕೊಳ್ಳೋಕೆ ನಾವಿಬ್ಬರೂ ಇಲ್ಲೇ ಇರ್ತೀವಿ, ಈ ಕೋಣೇಲಿ. ಹುಡುಗ ಕೆಳಗೆ ನಿನ್ನ ಅಂಗಡೀಲಿ ಮಲಗ್ಲಿ."

ಬಾಗಿಲು ಮುಚ್ಚಿತು. ಬೈಂಡರ ಕೆಳಗಿನ ಮೆಟ್ಟಿಲ ಮೇಲೆ ಕುಸಿದ. ಹುಡುಗ ಪಕ್ಕದಲ್ಲಿ ಕುಳಿತ.

"ಅಪ್ಪನಿಗೆ ಫೋನ್ ಮಾಡೋ ಮುಂಚೆ ಒಂದು ಮಾತು ನನ್ನನ್ನ ಕೇಳ್ಬಾರದಿತ್ತಾ ಸಾರ್?"

"ಕೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ ಅನ್ನಿಸ್ತಪ್ಪ."

ಹುಡುಗ ಗ್ರೀಸು ಕೈಯಲ್ಲೇ ಹಣೆ ಒತ್ತಿಕೊಂಡ. "ತಲೆ ಸಿಡೀತಿದೆ ಸಾರ್. ಹೋಗಿ ಒಂದೊಂದು ಟೀ ಕುಡಿದು ಬರೋಣ್ವಾ?"

"ದುಡ್ಡಿದೆಯಾ?"

"ಅಪ್ಪನ್ನ ಕೇಳ್ಬೇಕು. ನಿಮ್ಮ ಹತ್ರ?"

"ಭಾವನ್ನ ಕೇಳ್ಬೇಕು."

ಇಬ್ಬರೂ ಎದ್ದು ಮೇಲಿನ ಬಾಗಿಲನ್ನು ನೋಡುತ್ತ ನಿಂತರು. ಕೊನೆಗೆ ಬೈಂಡರ ಹುಡುಗನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲನೆ ಮುಂದಕ್ಕೆ ದಬ್ಬಿದ.

"ನೀನೇ ಹೋಗಪ್ಪ. ನಿಂಗಾದ್ರೂ ಸ್ವಂತ ಅಪ್ಪ."