ಸಿನೆಮಾ ನಡುವೆ ನೀರು ತರುವ ಕೆಲಸದಿಂದ ಬಿಡುಗಡೆ ಕೋರಿ

(ಕರಡು ಪ್ರತಿಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ: ಇದನ್ನು ಓದಿ ಅಪ್ಪ ನಕ್ಕರೆ ಅರ್ಜಿದಾರಳು ಹೇಗೋ ತಡೆದುಕೊಂಡಾಳು. ನಗದೆ, ಕನ್ನಡಕ ತೆಗೆದು ಅವಳ ಮುಖವನ್ನೇ ನೋಡಿದರೆ? ಶುದ್ಧಪ್ರತಿಯಲ್ಲಿ ಈ ಸಾಲು ಬೇಡ.)

ಬಾಳೆಗುಳಿ, ಅಂಕೋಲಾ
ದಿನಾಂಕ: 17-7-2004

ಇಂದ:
ಕುಮಾರಿ ನಿಶಾ ಮಂಗೇಶ ನಾಯಕ, ಬಿ.ಎ.,
ಮನೆಯ ಸಿನೆಮಾ ಆಯ್ಕೆಗಾರ್ತಿ (ಬಿಟ್ಟಿ)

ಗೆ:
ಶ್ರೀ ಮಂಗೇಶ ನಾಯಕ,
ಯಜಮಾನರು, ಅದೇ ಮನೆ
(ಹಗಲು ಹೊತ್ತು ಕಾರವಾರದ ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತರು)

ವಿಷಯ: ಭಾನುವಾರದ ಸಿನೆಮಾವನ್ನು ನಡುವೆ ಏಳದೆ ಪೂರ್ತಿ ನೋಡಲು ಅನುಮತಿ ನೀಡುವ ಕುರಿತು.

ಉಲ್ಲೇಖ: ಮನೆಯಲ್ಲಿ ಯಾರು ಏನು ಕೇಳಿದರೂ "ಬರ್ದು ಕೊಡು, ನೋಡ್ವ" ಎನ್ನುವ ತಮ್ಮ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯದಲ್ಲಿ ಅರ್ಜಿದಾರಳು ವಿನಯಪೂರ್ವಕ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಮನೆಗೆ ಸಿಡಿ ಪ್ಲೇಯರ್ ಬಂದ ದಿನವೇ, "ಈ ಹುಡ್ಗಿ ಬಾಯಿ ಬಿಡುದಿಲ್ಲ, ಚಲೋದೇ ತರ್ತದೆ" ಎಂಬ ಒಂದೇ ಕಾರಣಕ್ಕೆ ತಾವು ಅರ್ಜಿದಾರಳನ್ನು ಆಯ್ಕೆಗಾರ್ತಿಯಾಗಿ ನೇಮಿಸಿದಿರಿ. ಅಂದಿನಿಂದ ಅವಳು ಪ್ರತಿ ಶನಿವಾರ ಕ್ರಾಸಿನ ಬಳಿಯ ಪುಟ್ಟುವಿನ ಸಿಡಿ ಅಂಗಡಿಗೆ ಹೋಗಿ, ಮನೆಮಂದಿಯೆಲ್ಲ ಕೂತು ನೋಡುವಂಥದ್ದನ್ನು ತರುತ್ತಿದ್ದಾಳೆ. ಸಿಡಿಯ ಹೊದಿಕೆಯ ಮೇಲೆ ಹುಡುಗ ಹುಡುಗಿಯ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವಿದ್ದರೆ ಆಯ್ಕೆ, ಇಲ್ಲದಿದ್ದರೆ ವಾಪಸು. ನಡುವೆ ನಿಜವಾಗಿಯೂ ಒಬ್ಬ ಮನುಷ್ಯನಿದ್ದು, ಅವನು ಹುಡುಗಿಯ ಅಪ್ಪನಾಗಿದ್ದರೆ ಬಹಳ ಒಳ್ಳೆಯದು.

2. ಇಷ್ಟು ಜಾಗ್ರತೆ ಮಾಡಿದರೂ ಪ್ರತಿ ಸಿನೆಮಾದಲ್ಲಿ ಒಂದು ಹೊತ್ತು ಬಂದೇ ಬರುತ್ತದೆ. ಹುಡುಗ ಹುಡುಗಿಯ ಹತ್ತಿರ ಬರುತ್ತಾನೆ. ಆಗ ಈ ಮನೆಯಲ್ಲಿ ನಡೆಯುವುದನ್ನು ಯಾರೂ ಗೊತ್ತು ಮಾಡಿದ್ದಲ್ಲ, ತಾನಾಗಿ ನಡೆಯುತ್ತದೆ. ತಾವು ಪಂಪು ಬಂದ್ ಮಾಡಿದೆನೋ ಇಲ್ಲವೋ ಎಂದು ಹಿತ್ತಲಿಗೆ ಹೋಗುತ್ತೀರಿ. ಆಯಿ (ತಮ್ಮ ಧರ್ಮಪತ್ನಿ) "ಹಾಲು ಉಕ್ತೇನ" ಎನ್ನುತ್ತಾ ಒಳಗೆ ಹೋಗುತ್ತಾಳೆ. ಅರ್ಜಿದಾರಳು ಎಲ್ಲರಿಗೂ ನೀರು ತರುತ್ತಾಳೆ. ಗಂಗಾವಳಿ ದಂಡೆ ಮೀರಿ ಹರಿಯುವ ಈ ಆಷಾಢದಲ್ಲಿ ತೋಟಕ್ಕೆ ಪಂಪು ಹಚ್ಚುವವರು ಯಾರು ಎಂದು ಅರ್ಜಿದಾರಳು ಇದುವರೆಗೆ ಕೇಳಿಲ್ಲ. ಈಗಲೂ ಕೇಳುತ್ತಿಲ್ಲ.

3. ಇದೆಲ್ಲವೂ ಎಂಬತ್ತರ ಅಜ್ಜಿ ದಮಯಂತಿಯವರ ಎದುರು ಮುಜುಗರವಾಗಬಾರದು ಎಂಬ ಸದುದ್ದೇಶದಿಂದಲೇ. ಆದರೆ ಕಾಲುನೋವಿನ ಕಾರಣ ಅಜ್ಜಿ ಏಳುವುದಿಲ್ಲ. ಆದ್ದರಿಂದ ಆ ಭಾಗವನ್ನು ಈ ಮನೆಯಲ್ಲಿ ಪೂರ್ತಿ ನೋಡಿದವರು ಅವರೊಬ್ಬರೇ. ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಹೊನ್ನಕ್ಕನಿಗೆ ಬೇಲಿಯ ಮೇಲಿನಿಂದ ಅದನ್ನೆಲ್ಲ ಅವರು ಸಾವಕಾಶ ಹೇಳುತ್ತಾರೆ. ಅರ್ಜಿದಾರಳು ಬಟ್ಟೆ ಒಣಗಿಸುವ ನೆಪದಲ್ಲಿ ಕೇಳಿಸಿಕೊಂಡಿದ್ದಾಳೆ. ಮಳೆಗಾಲದಲ್ಲಿ ಆ ನೆಪವೂ ಇಲ್ಲ. ಉಳಿದವರ ಬಗ್ಗೆ ಅಜ್ಜಿಯ ಅಭಿಪ್ರಾಯ ಇಷ್ಟು: "ಸಿನೆಮಾ ಹಚ್ಚೂದೇ ತಡ, ಇವ್ಕೆಲ್ಲಾ ನೀರಡ್ಕೆ. ಸಾರಿಗೆ ಉಪ್ಪು ಹೆಚ್ಚಾತು ಕಾಣ್ತದೆ." ಕಾರಣ, ಆಯಿಯ ಸಾರಿಗೂ ವೃಥಾ ಕೆಟ್ಟ ಹೆಸರು.

4. ಇದಕ್ಕೊಂದು ಪರಿಹಾರವೆಂದು ಹೋದ ತಿಂಗಳು ಅರ್ಜಿದಾರಳು ದೇವಿಯ ಸಿನೆಮಾ ತಂದಳು. ಹೊದಿಕೆಯ ತುಂಬ ದೇವಿಯೇ. ಅಜ್ಜಿ ಟೀವಿಯ ಮುಂದೆ ದೀಪ ಹಚ್ಚಿಸಿದರು. ಆದರೆ ದೇವಿ ಇದ್ದದ್ದು ಎರಡನೇ ಡಿಸ್ಕಿನಲ್ಲಿ. ಮೊದಲನೆಯದರ ತುಂಬ ಜಲಪಾತ, ಅದರ ಕೆಳಗೆ ಭಕ್ತೆ ಮತ್ತು ಅವಳ ಭಾವೀ ಪತಿ. ತಾವು ಅಂದು ಪಂಪಿನ ಬಳಿಯೇ ಉಳಿದಿರಿ. ಎದುರಿಗೆ ದೀಪ ಉರಿಯುತ್ತಿದ್ದುದರಿಂದ ಟೀವಿ ಬಂದ್ ಮಾಡಲು ಯಾರಿಗೂ ಧೈರ್ಯವಾಗಲಿಲ್ಲ. ಅಜ್ಜಿ ಕೈಮುಗಿದುಕೊಂಡೇ ಎಲ್ಲವನ್ನೂ ನೋಡಿದರು.

5. ಇಲ್ಲಿಯವರೆಗೆ ನಗುವ ವಿಷಯ. ಮುಂದಿನದು ಹಾಗಲ್ಲ.

ಕಾರವಾರದ ಕಡೆಯ ಸಂಬಂಧವೊಂದು ಬಂದಿರುವುದು ತಮಗೆ ತಿಳಿದೇ ಇದೆ. ಬುಧವಾರ ಆಯಿ, ಮೀನು ಕೊಯ್ಯುತ್ತಾ, ತಲೆ ಎತ್ತದೆ ಕೇಳಿದಳು: "ಹುಡ್ಗ ಹೇಗಿದ್ರೆ ನಿಂಗೆ ಸೇರ್ತದೆ, ಹೇಳು ಮಗಾ." ಯಾರಾದರೂ ಹಾಗೆ ಕೇಳಲೆಂದು ಅರ್ಜಿದಾರಳು ಎಷ್ಟೋ ದಿನದಿಂದ ಕಾದಿದ್ದಳು. ಆದರೂ ಅಭ್ಯಾಸಬಲದಿಂದ ಎದ್ದುಹೋಗಿ ಒಂದು ತಂಬಿಗೆ ನೀರು ತಂದಳು. ಆಯಿಯ ಎರಡೂ ಕೈ ಮೀನಿನಲ್ಲಿದ್ದವು. ನೀರನ್ನೂ ಮಗಳನ್ನೂ ನೋಡಿ, ಮುಂದಿನ ಮೀನು ಕೈಗೆತ್ತಿಕೊಂಡಳು.

ಹುಡುಗನ ಮನೆಯವರು ಮುಂದಿನ ವಾರ ಬರುತ್ತಾರೆ. ಅವರೂ ಏನಾದರೂ ಕೇಳುವರು. ಆಗಲೂ ಅರ್ಜಿದಾರಳು ನೀರಿಗೇ ಹೋದರೆ ಅದನ್ನೇ ಒಪ್ಪಿಗೆ ಎಂದು ಬರೆದುಕೊಳ್ಳುವ ಸಂಭವವಿದೆ. ಆದ್ದರಿಂದ, ಹತ್ತಿರದ ಮಾತು ಬಂದಾಗ ಕೂತಲ್ಲೇ ಕೂರುವುದನ್ನು ಅವಳು ಮೊದಲು ಮನೆಯಲ್ಲೇ ರೂಢಿ ಮಾಡಿಕೊಳ್ಳುವುದು ಅಗತ್ಯವಾಗಿದೆ.

ಕಾರಣ, ನಾಳೆಯ ಸಿನೆಮಾದಿಂದಲೇ ಅನ್ವಯವಾಗುವಂತೆ ಅರ್ಜಿದಾರಳನ್ನು ನೀರಿನ ಕೆಲಸದಿಂದ ಬಿಡುಗಡೆ ಮಾಡಬೇಕಾಗಿ ಪ್ರಾರ್ಥನೆ. ಪಂಪು ಮತ್ತು ಹಾಲಿನ ವ್ಯವಸ್ಥೆಗಳು ಈಗಿನಂತೆಯೇ ಮುಂದುವರಿದರೆ ಅವಳ ತಕರಾರಿಲ್ಲ.

ತಮ್ಮ ವಿಶ್ವಾಸಿಯೂ ಮಗಳೂ ಆದ,
ನಿಶಾ

ಲಗತ್ತುಗಳು:
1. ತಂಬಿಗೆ, ಖಾಲಿ.
2. ನಾಳೆಯ ಸಿನೆಮಾ, ಎರಡೂ ಡಿಸ್ಕು. ಹೊದಿಕೆಯ ಮೇಲೆ ಹುಡುಗ ಹುಡುಗಿ ಒಂದೇ ಕೊಡೆಯ ಕೆಳಗಿದ್ದಾರೆ. ಗೊತ್ತಿದ್ದೇ ತಂದದ್ದು.

ಯಜಮಾನರ ಷರಾ (ಕೆಂಪು ಶಾಯಿ): ಓದಿದೆ. ಅರ್ಜಿ ಉದ್ದವಾಯಿತು. ಬೇಕಾದ್ದನ್ನು ಅರ್ಜಿದಾರಳು ಖುದ್ದು ಹಾಜರಾಗಿ ಬಾಯಿಯಿಂದ ಹೇಳತಕ್ಕದ್ದು. — ಮಂ. ನಾ.

ಷರಾದಂತೆ ನಡೆದುಕೊಂಡ ಬಗ್ಗೆ ವರದಿ:

ಭಾನುವಾರ ಮಧ್ಯಾಹ್ನ ಅರ್ಜಿದಾರಳು ಹಾಜರಿದ್ದಳು. ಹೊರಗೆ ಧೋ ಎಂದು ಮಳೆ. ಸಿನೆಮಾದಲ್ಲೂ ಮಳೆ. ಹುಡುಗ ಕೊಡೆ ಬಿಚ್ಚಿ, ಬಸ್ಸಿಗೆ ಕಾಯುತ್ತಿದ್ದ ಹುಡುಗಿಯ ಹತ್ತಿರ ಬಂದ. ಅಪ್ಪ ಎದ್ದು ನಿಂತು ಪಂಪಿನ ಹೆಸರು ಹೇಳಿದರು. ಆಯಿಗೆ ಹಾಲಿನ ನೆನಪಾಯಿತು. ಅರ್ಜಿದಾರಳ ಕಾಲುಗಳು ತಾವಾಗಿ ಎದ್ದವು. ಅವಳು ಅಜ್ಜಿಯ ಮಂಚದ ಕಾಲು ಹಿಡಿದುಕೊಂಡು ಮತ್ತೆ ಕೂತಳು. ಅಪ್ಪ ಬಾಗಿಲಲ್ಲೇ ತಿರುಗಿ, ಕನ್ನಡಕ ತೆಗೆದು, ಅವಳ ಮುಖ ನೋಡಿದರು. "ಎಂತ ನಿಶಾ, ನೀರು?" ಎಂದರು.

"ನಂಗೆ ನೀರಡ್ಕೆ ಇಲ್ಲ ಅಪ್ಪ," ಎಂದಳು ಅರ್ಜಿದಾರಳು. "ಅಂವ ಅವ್ಳ ಹತ್ರ ಎಂತ ಹೇಳ್ತ ಅಂತ ನಂಗೂ ಕೇಳ್ಬೇಕು."